ರಬ್ಬಿ ಸ್ಮಾಲ್: ಶುಕ್ರವಾರ ಮೊದಲೋ, ಶನಿವಾರವೋ?

ಹ್ಯಾರಿ ಕೆಮೆಲ್ಮನ್ ಅವರ ರಬ್ಬಿ (ಯಹೂದಿ ಧರ್ಮಗುರು) ಡೇವಿಡ್ ಸ್ಮಾಲ್ ಪತ್ತೇದಾರಿ ಕಾದಂಬರಿಗಳನ್ನು ಎಲ್ಲಿಂದ ಶುರು ಮಾಡಲಿ ಅಂತ ಗೆಳೆಯನೊಬ್ಬ ಕೇಳಿದ. ಹೆಸರಲ್ಲೇ ವಾರ ಇದೆಯಲ್ಲ, ನಾನು ಬಂದ ಕ್ರಮದಲ್ಲೇ ಓದಿದೆ. ಈಗ ಅನ್ನಿಸುತ್ತಿದೆ, ಶನಿವಾರದಿಂದ ಶುರು ಮಾಡಬೇಕಿತ್ತು.

'ಫ್ರೈಡೇ ದ ರಬ್ಬಿ ಸ್ಲೆಪ್ಟ್ ಲೇಟ್' (1964) ಪತ್ತೇದಾರಿ ಬರಹಕ್ಕೆ ಅಮೆರಿಕದಲ್ಲಿ ಕೊಡುವ ಎಡ್ಗರ್ ಪ್ರಶಸ್ತಿ ಪಡೆದ ಪುಸ್ತಕ. ಮ್ಯಾಸಚೂಸೆಟ್ಸ್‌ನ ಬಾರ್ನಾರ್ಡ್ಸ್ ಕ್ರಾಸಿಂಗ್ ಎಂಬ ಕಾಲ್ಪನಿಕ ಊರು. ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಆವರಣದಲ್ಲಿ ಯುವತಿಯ ಹೆಣ, ಅವಳ ಕೈಚೀಲ ರಬ್ಬಿಯ ಕಾರಿನಲ್ಲಿ. ಆದರೆ ಕೊಲೆಗಾರ ಯಾರೆಂದು ತಿಳಿದಾಗ 'ಓ, ಹೌದಾ' ಅಂದೆ, ಅಷ್ಟೇ. ನನ್ನನ್ನು ಹಿಡಿದಿಟ್ಟಿದ್ದು ಶುರುವಿನ ಜಗಳ. ಎರವಲು ಕೊಟ್ಟ ಕಾರು ಆಯಿಲ್ ಇಲ್ಲದೆ ಎಂಜಿನ್ ಕೆಟ್ಟು ನಿಂತಿದೆ, ಇಬ್ಬರು ಗೆಳೆಯರು ಮಾತು ಬಿಟ್ಟಿದ್ದಾರೆ. ರಬ್ಬಿ ಇಬ್ಬರನ್ನೂ ಎದುರು ಕೂರಿಸಿ, ಯಹೂದಿ ಧರ್ಮಶಾಸ್ತ್ರ ತಾಲ್ಮುದ್‌ನ ತರ್ಕದಿಂದ ಪಂಚಾಯ್ತಿ ಮಾಡುತ್ತಾರೆ. ಮುಂದೆ ಕೊಲೆಯನ್ನು ಬಿಡಿಸುವುದೂ ಇದೇ ತರ್ಕದಿಂದ. ಚೆಸ್ಟರ್ಟನ್ ಕಥೆಗಳ ಪತ್ತೇದಾರಿ ಪಾದ್ರಿ ಫಾದರ್ ಬ್ರೌನ್ ಪಾಪ ನಿವೇದನೆ ಕೇಳಿ ಕೇಳಿ ಮನುಷ್ಯರ ಮನಸ್ಸು ಬಲ್ಲವರು. ರಬ್ಬಿಗೆ ಆ ಕೆಲಸವೇ ಇಲ್ಲ. ಅವರು ಗುರು, ನ್ಯಾಯ ಹೇಳುವವರು. ಐರಿಷ್ ಕ್ಯಾಥೊಲಿಕ್ ಪೊಲೀಸ್ ಮುಖ್ಯಸ್ಥ ಲ್ಯಾನಿಗನ್ ಜೊತೆಗಿನ ಹರಟೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

'ಸ್ಯಾಟರ್ಡೇ ದ ರಬ್ಬಿ ವೆಂಟ್ ಹಂಗ್ರಿ' (1966) ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸದ ಹೊತ್ತಿನ ಕಥೆ. ಕುಡಿತದ ಚಟವಿದ್ದ ವಿಜ್ಞಾನಿಯೊಬ್ಬ ಗ್ಯಾರೇಜಿನಲ್ಲಿ ಕಾರಿನ ಹೊಗೆಯಿಂದ ಸತ್ತಿದ್ದಾನೆ. ಅಪಘಾತವೋ, ಆತ್ಮಹತ್ಯೆಯೋ, ಕೊಲೆಯೋ? ರಬ್ಬಿ ಅವನಿಗೆ ಯಹೂದಿ ಸ್ಮಶಾನದಲ್ಲೇ ಜಾಗ ಕೊಡುತ್ತಾರೆ. ಆತ್ಮಹತ್ಯೆಯಾಗಿದ್ದರೆ ಅಲ್ಲಿ ಹೂಳಬಾರದು ಅಂತ ಸಿನಗಾಗ್ ಕಮಿಟಿಯಲ್ಲಿ ಗದ್ದಲ. ಸಮಾಧಿ ಆಚೆ ಉಳಿಯುವ ಹಾಗೆ ನಡುವೆ ಒಂದು ರಸ್ತೆ ಹಾಕೋಣ ಅನ್ನುವವರೂ ಇದ್ದಾರೆ! ನಮ್ಮೂರ ದೇವಸ್ಥಾನದ ಕಮಿಟಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇರಲ್ಲ ಬಿಡಿ. ಮೊದಲನೆಯದರಲ್ಲಿ ಕಮಿಟಿ ಜಗಳ ಒಂದು ಕಡೆ, ಕೊಲೆ ಇನ್ನೊಂದು ಕಡೆ. ಇಲ್ಲಿ ಸಾವು ಹೇಗಾಯಿತು ಅನ್ನುವುದರ ಮೇಲೇ ಜಗಳ ನಿಂತಿದೆ. ಅದಕ್ಕೇ ಒಂದೇ ಬೈಠಕ್ಕಿನಲ್ಲಿ ಮುಗಿಸಿದೆ.

1972ರ 'ಮಂಡೇ ದ ರಬ್ಬಿ ಟುಕ್ ಆಫ್' ಜೆರುಸಲೇಮಿಗೆ ಹೋಗುತ್ತದೆ. ಊರು ನೋಡಲು ಚೆಂದ, ಪತ್ತೇದಾರಿ ಮಾತ್ರ ಕಡಿಮೆ. ಬಾರ್ನಾರ್ಡ್ಸ್ ಕ್ರಾಸಿಂಗ್ ಇಷ್ಟವಾದ ಮೇಲೆ ಓದಿ, ಸಾಕು.

ಗೆಳೆಯನ ಕೈಗೆ ಶನಿವಾರವನ್ನೇ ಕೊಟ್ಟು ಕಳಿಸಿದ್ದೇನೆ. ಎಡ್ಗರ್ ಬಂದಿದ್ದು ಯಾವುದಕ್ಕೆ ಅಂತ ಹೇಳಲಿಲ್ಲ.