ಇಲಿಯ ಭಯ ಅಳೆಯುವ ಪೆಟ್ಟಿಗೆ: ಪೆಟ್ಟಿಗೆಗೆ ನಾಲ್ಕು ಸ್ಟಾರ್, ಸಾಫ್ಟ್‌ವೇರ್‌ಗೆ ಎರಡೇ

ಅಮಿಗ್ಡಲದ ಮೇಲೆ, ಅಂದರೆ ಭಯದ ಪಾಠ ಕಲಿಯುವ ಮೆದುಳಿನ ಭಾಗದ ಮೇಲೆ, ಕೆಲಸ ಮಾಡುವವರಿಗೆ ಈ ಪೆಟ್ಟಿಗೆ ಹೊಸದೇನಲ್ಲ. ಇಲಿಯನ್ನು ಒಳಗೆ ಬಿಡಬೇಕು, ಒಂದು ಬೀಪ್ ಕೇಳಿಸಬೇಕು, ಬೀಪ್ ಮುಗಿಯುವ ಹೊತ್ತಿಗೆ ಕಾಲಿಗೆ ಸಣ್ಣ ಶಾಕ್. ಮರುದಿನ ಶಾಕ್ ಇಲ್ಲದೆ ಬರೀ ಬೀಪ್ ಹಾಕಿ, ಇಲಿ ಮರಗಟ್ಟಿ ನಿಲ್ಲುತ್ತದಾ ಅಂತ ನೋಡುವುದು. ನಮ್ಮ ಲ್ಯಾಬಿಗೆ ಬಂದ ಹೊಸ ಸೆಟ್ಟಿನಲ್ಲಿ ಪೆಟ್ಟಿಗೆ, ಶಾಕ್ ಯಂತ್ರ, ಇನ್‌ಫ್ರಾರೆಡ್ ಕ್ಯಾಮೆರಾ, ವಿಡಿಯೋ ನೋಡಿ ತಾನೇ ಲೆಕ್ಕ ಹಾಕುವ ಸಾಫ್ಟ್‌ವೇರ್ ಎಲ್ಲ ಇದೆ. ಕಂಪನಿ ಹೆಸರು ಬೇಡ, ಎಲ್ಲರೂ ಮಾರುವುದು ಹೆಚ್ಚುಕಮ್ಮಿ ಇಂಥದ್ದನ್ನೇ.

ಮೊದಲು ಪೆಟ್ಟಿಗೆ. ಚೆನ್ನಾಗಿದೆ. ತಳದ ಸ್ಟೀಲ್ ಕಂಬಿಗಳನ್ನು ಒಂದೊಂದಾಗಿ ಬಿಚ್ಚಿ ತೊಳೆಯಬಹುದು, ಇದು ಸಣ್ಣ ವಿಷಯ ಅಲ್ಲ. ಹೆದರಿದ ಇಲಿ ಹಿಕ್ಕೆ ಹಾಕುತ್ತದೆ, ಉಚ್ಚೆ ಹೊಯ್ಯುತ್ತದೆ, ಅದು ಎರಡು ಕಂಬಿಗಳ ನಡುವೆ ಕೂತರೆ ಕರೆಂಟು ಆ ದಾರಿಯಲ್ಲೇ ಹೋಗಿಬಿಡುತ್ತದೆ. ನೀವು 0.5 ಮಿಲಿಆಂಪಿಯರ್ ಕೊಟ್ಟೆ ಅಂತ ಬರೆದುಕೊಂಡಿರುತ್ತೀರಿ, ಇಲಿಗೆ ಸಿಕ್ಕಿದ್ದು ಎಷ್ಟೋ! ಗೋಡೆ, ನೆಲ ಎರಡನ್ನೂ ಬದಲಿಸಿ ಬೇರೆ ಜಾಗದಂತೆ ಮಾಡುವ ಹಲಗೆಗಳನ್ನೂ ಕೊಟ್ಟಿದ್ದಾರೆ. ಬೀಪ್ ಮತ್ತೆ ಮತ್ತೆ ಕೇಳಿಸಿ ಶಾಕ್ ಕೊಡದಿದ್ದರೆ ಇಲಿ ಮರಗಟ್ಟುವುದು ಕಮ್ಮಿಯಾಗುತ್ತದೆ, ಆದರೆ ಅದು ಮರೆತಿದೆ ಅಂತಲ್ಲ. ಜಾಗ ಬದಲಿಸಿ ಅದೇ ಬೀಪ್ ಹಾಕಿದರೆ ಭಯ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಹಳೆಯ ನೆನಪಿನ ಮೇಲೆ ಹೊಸ ಪಾಠ ಕೂತಿರುತ್ತದೆ ಅಷ್ಟೇ, ಅದನ್ನು ಹಿಡಿದಿಡಲು ಮುಂಮೆದುಳಿನ ಇನ್‌ಫ್ರಾಲಿಂಬಿಕ್ ಭಾಗ ಕೈಜೋಡಿಸುತ್ತದೆ ಅನ್ನುವುದನ್ನು ಮಿಲಾದ್ ಮತ್ತು ಕ್ವರ್ಕ್ ಎಂಬ ಸಂಶೋಧಕರು 2002ರಲ್ಲಿ ಇಲಿಗಳಲ್ಲೇ ತೋರಿಸಿದರು. ಈ ಪ್ರಯೋಗ ಮಾಡುವವರಿಗೆ ಆ ಹಲಗೆಗಳು ಬೇಕೇ ಬೇಕು.

ಈಗ ಸಾಫ್ಟ್‌ವೇರ್. ರಿಪೋರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ 'ಭಯ: ಶೇಕಡಾ ಇಷ್ಟು' ಅಂತ ಬರುತ್ತದೆ. ಭಯ ಎಲ್ಲಿ ಬಂತು ಸ್ವಾಮಿ? ಅದು ಎಣಿಸಿದ್ದು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಎಷ್ಟು ಪಿಕ್ಸೆಲ್ ಬದಲಾಯಿತು ಅನ್ನುವುದನ್ನು ಮಾತ್ರ.

ಒಳಗೆ ನಡೆಯುವುದು ಬೇರೆ. ಬೀಪಿನ ಸುದ್ದಿ, ಇಂದ್ರಿಯಗಳ ಸುದ್ದಿಯನ್ನು ಮೆದುಳಿನೊಳಗೆ ಹಂಚುವ ಥಾಲಮಸ್‌ನಿಂದ ನೇರವಾಗಿಯೂ, ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಸುತ್ತಿಕೊಂಡೂ ಅಮಿಗ್ಡಲದ ಪಾರ್ಶ್ವ ಭಾಗಕ್ಕೆ ಬರುತ್ತದೆ, ಶಾಕಿನ ಸುದ್ದಿಯೂ ಅಲ್ಲಿಗೇ. ಎರಡೂ ಜೊತೆಗೆ ಬಂದಾಗ ಅಲ್ಲಿನ ನರಕೋಶಗಳ ಸಂಪರ್ಕ ಗಟ್ಟಿಯಾಗುತ್ತದೆ. ಆಮೇಲೆ ಬೀಪ್ ಶುರುವಾದ 15 ಮಿಲಿಸೆಕೆಂಡಿನೊಳಗೇ ಆ ಕೋಶಗಳು ಜೋರಾಗಿ ಉತ್ತರಿಸುತ್ತವೆ, ಸೆಕೆಂಡಿಗೆ 30 ಫ್ರೇಮ್ ತೆಗೆಯುವ ಕ್ಯಾಮೆರಾ ಒಂದು ಫ್ರೇಮ್ ಮುಗಿಸುವ ಮೊದಲೇ. ಅಲ್ಲಿಂದ ಸುದ್ದಿ ಅಮಿಗ್ಡಲದ ಕೇಂದ್ರ ಭಾಗಕ್ಕೆ ಹೋಗಿ ಕವಲೊಡೆಯುತ್ತದೆ. ನರವಿಜ್ಞಾನಿ ಲೆಡೂ ಅವರ ತಂಡ 1988ರಲ್ಲೇ ಇದನ್ನು ಬಿಡಿಸಿ ತೋರಿಸಿತ್ತು: ಮೆದುಳಿನ ತಳದಲ್ಲಿರುವ ಹೈಪೋಥಾಲಮಸ್‌ನ ಪಾರ್ಶ್ವ ಭಾಗ ಕೆಡಿಸಿದರೆ ರಕ್ತದೊತ್ತಡ ಏರುವುದು ನಿಲ್ಲುತ್ತದೆ, ಇಲಿ ಮರಗಟ್ಟುವುದು ನಿಲ್ಲುವುದಿಲ್ಲ. ನಡುಮೆದುಳಿನ ಬೂದು ಭಾಗ ಕೆಡಿಸಿದರೆ ಸರಿಯಾಗಿ ಉಲ್ಟಾ. ಅಂದರೆ ಈ ಸಾಫ್ಟ್‌ವೇರ್ ನೋಡುವುದು ಹಲವು ಕವಲುಗಳಲ್ಲಿ ಒಂದರ ತುದಿಯನ್ನು. ಕೆಲವು ಇಲಿಗಳು, ಅದರಲ್ಲೂ ಹೆಣ್ಣಿಲಿಗಳು, ಬೀಪ್ ಕೇಳಿ ನಿಲ್ಲುವ ಬದಲು ಬಾಣದ ಹಾಗೆ ಓಡುತ್ತವೆ, ಇದು 2015ರಲ್ಲಿ ವರದಿಯಾಗಿದೆ. ಈ ರಿಪೋರ್ಟಿನ ಪ್ರಕಾರ ಅವು ಧೈರ್ಯವಂತ ಇಲಿಗಳು!

ಇನ್ನೊಂದು ಕಿರಿಕಿರಿ ಕೇಬಲ್‌ದು. ಮೆದುಳಿನ ನರಕೋಶಗಳ ಸರ್ಕ್ಯೂಟ್ ಮೇಲಿನ ಕೆಲಸ ಅಂದ ಮೇಲೆ ಇಲಿಯ ತಲೆಗೆ ಆಪ್ಟಿಕ್ ಫೈಬರೋ ರೆಕಾರ್ಡಿಂಗ್ ವೈರೋ ಇದ್ದೇ ಇರುತ್ತದೆ ಅಲ್ವಾ? ಇಲಿ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತಿದೆ, ಪಕ್ಕೆ ಮಾತ್ರ ಉಸಿರಿಗೆ ಏಳುತ್ತಿದೆ, ಮೀಸೆ ಕೂಡ ಅಲ್ಲಾಡುತ್ತಿಲ್ಲ. ಮೇಲೆ ಕೇಬಲ್ ಸುಮ್ನೆ ತೂಗುತ್ತಿದೆ. ಸಾಫ್ಟ್‌ವೇರ್ 'ಚಲನೆ' ಅಂತ ಬರೆಯುತ್ತದೆ. ಸಪೋರ್ಟ್‌ನವರನ್ನು ಕೇಳಿದರೆ ಥ್ರೆಶೋಲ್ಡ್, ಅಂದರೆ ಎಷ್ಟು ಪಿಕ್ಸೆಲ್ ಬದಲಾದರೆ ಚಲನೆ ಅನ್ನುವ ಮಿತಿ, ಏರಿಸಿ ಅಂದರು. ಏರಿಸಿದರೆ ನಿಂತಲ್ಲೇ ಮೂತಿ ಆಡಿಸುತ್ತಾ ಆರಾಮಾಗಿ ಮೂಸುವ ಇಲಿಯೂ ಹೆದರಿದವರ ಲೆಕ್ಕಕ್ಕೆ ಸೇರುತ್ತದೆ. ನಾವು ಈಗ ವಿಡಿಯೋ ಇಟ್ಟುಕೊಂಡು ಸ್ಟಾಪ್‌ವಾಚ್ ಹಿಡಿದು ಕೈಯಲ್ಲೇ ಎಣಿಸುತ್ತೇವೆ, ಎಣಿಸುವವರಿಗೆ ಯಾವ ಗುಂಪಿನ ಇಲಿ ಅಂತ ಹೇಳುವುದಿಲ್ಲ.

ಮೈಕ್ ಕೂಡ ಕೊಟ್ಟಿಲ್ಲ. ದೊಡ್ಡ ಇಲಿಗಳು ಅಪಾಯ ಕಂಡಾಗ 22 ಕಿಲೋಹರ್ಟ್ಸ್ ಸುತ್ತಮುತ್ತ ಕೂಗುತ್ತವೆ, ನಮ್ಮ ಕಿವಿಗೆ ಬೀಳುವುದಿಲ್ಲ. ಅಲ್ಟ್ರಾಸಾನಿಕ್ ಮೈಕ್ ಬೇರೆಯೇ ಕೊಳ್ಳಬೇಕು, ಅದಕ್ಕೆ ಮುಚ್ಚಳದಲ್ಲಿ ತೂತು ನೀವೇ ಕೊರೆಯಬೇಕು.

ತಗೊಳ್ಳುವುದಾದರೆ ಪೆಟ್ಟಿಗೆ, ಶಾಕ್ ಯಂತ್ರ, ಕ್ಯಾಮೆರಾ ಮಾತ್ರ ತಗೊಳ್ಳಿ. ಸಾಫ್ಟ್‌ವೇರೂ ಬೇಕು ಅನ್ನುವವರು ಮೂಲ ವಿಡಿಯೋ ಉಳಿಯುತ್ತದಾ, ಫ್ರೇಮ್ ಫ್ರೇಮಿನ ಲೆಕ್ಕ ಹೊರಗೆ ತೆಗೆಯಬಹುದಾ ಅಂತ ಕೇಳಿಕೊಳ್ಳಿ. ಡೆಮೋಗೆ ಬಂದವರು ತಮ್ಮದೇ ವಿಡಿಯೋ ತಂದಿರುತ್ತಾರೆ, ಅದನ್ನು ನೋಡಬೇಡಿ. ತಲೆಗೆ ಕೇಬಲ್ ಹಾಕಿದ ನಿಮ್ಮ ಇಲಿಯ ವಿಡಿಯೋ ಕೊಟ್ಟು, ಇದನ್ನು ಎಣಿಸಿ ತೋರಿಸಿ ಅನ್ನಿ.