ಹಳೆ ಎಸ್‌ಎಸ್‌ಆರ್ ಕೊಳ್ಳೋದಾದ್ರೆ ಯಾವ ವರ್ಷದ್ದು?

ಶೆವ್ರೊಲೆ ಎಸ್‌ಎಸ್‌ಆರ್ ಅನ್ನೋ ಛಾವಣಿ ಮಡಚುವ ಪಿಕಪ್ ರಸ್ತೆಗಿಳಿದರೆ ಅಮೆರಿಕದ ಮಿಶಿಗನ್‌ನಲ್ಲಿ ಇವತ್ತಿಗೂ ಜನ ತಿರುಗಿ ನೋಡ್ತಾರೆ. ನಲವತ್ತು-ಐವತ್ತರ ದಶಕದ ಶೆವ್ರೊಲೆ ಪಿಕಪ್‌ಗಳ ಉಬ್ಬಿದ ಮಡ್‌ಗಾರ್ಡ್, ಮೂತಿಗೆ ಅಡ್ಡಲಾಗಿ ಕ್ರೋಮ್ ಪಟ್ಟಿ, ಸ್ವಿಚ್ ಒತ್ತಿದರೆ ಮಡಚಿಕೊಳ್ಳುವ ಗಟ್ಟಿ ಛಾವಣಿ. 2003ರಿಂದ 2006ರವರೆಗೆ ಇಲ್ಲೇ ಲ್ಯಾನ್ಸಿಂಗ್‌ನಲ್ಲಿ ತಯಾರಾಗಿ, ಆಮೇಲೆ ನಿಂತೇಹೋಯಿತು. ಕೊಳ್ಳುವ ಆಸೆಯಿಂದ ಮೂರು ಬಗೆಯದ್ದನ್ನೂ ಓಡಿಸಿ ನೋಡಿದೆ.

ಮೊದಲು 2004ರದ್ದು. 5.3 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್, 300 ಅಶ್ವಶಕ್ತಿ. ಕೇಳೋಕೆ ಜೋರು, ಆದರೆ ಗಾಡಿಯ ತೂಕ 2,100 ಕಿಲೋ ದಾಟುತ್ತೆ. ಅಡಿಯಲ್ಲಿರುವುದು ಟ್ರೈಲ್‌ಬ್ಲೇಜರ್ ಎಸ್‌ಯುವಿಯ ಚೌಕಟ್ಟು. ಹೈವೇಗೆ ಸೇರುವಾಗ ಪೆಡಲ್ ಪೂರ್ತಿ ಒತ್ತಿದರೆ ಸದ್ದು ಮೊದಲು ಬರುತ್ತೆ, ವೇಗ ನಿಧಾನಕ್ಕೆ ಹಿಂದಿನಿಂದ ಬರುತ್ತೆ. ಭಾನುವಾರ ಸಂಜೆ ಕೆರೆ ಸುತ್ತ ಹೋಗಿಬರೋಕೆ ಧಾರಾಳ ಸಾಕು. ಬೆಲೆಯೂ ಮೂರರಲ್ಲಿ ಇದರದ್ದೇ ಕಡಿಮೆ.

2005ರದ್ದರಲ್ಲಿ ಕೂತರೆ ಕಥೆಯೇ ಬೇರೆ. 6.0 ಲೀಟರ್ ಎಲ್‌ಎಸ್2, ಅಂದರೆ ಆಗಿನ ಶೆವ್ರೊಲೆ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಎಂಜಿನ್, 390 ಅಶ್ವಶಕ್ತಿ. ಸಿಗ್ನಲ್ ಬಿಟ್ಟ ತಕ್ಷಣ ಬೆನ್ನು ಸೀಟಿಗೆ ಅಂಟುತ್ತೆ. ಗೇರ್‌ಬಾಕ್ಸ್ ಮಾತ್ರ ಅದೇ ನಾಲ್ಕು ಗೇರಿನ ಆಟೊಮ್ಯಾಟಿಕ್. ಮಾರುವವರು ವರ್ಷ ಏನೇ ಹೇಳಲಿ, ಗಾಡಿಯ ಗುರುತಿನ ಸಂಖ್ಯೆಯಾದ ವಿಐಎನ್‌ನ ಎಂಟನೇ ಅಕ್ಷರ ನೋಡಿ: ‘ಪಿ’ ಇದ್ದರೆ 5.3, ‘ಎಚ್’ ಇದ್ದರೆ 6.0.

ಅದೇ ಎಂಜಿನ್ನಿಗೆ ಆರು ಗೇರಿನ ಮ್ಯಾನ್ಯುಯಲ್ ಇರೋದನ್ನೂ ಓಡಿಸಿದೆ. ಇಂಥದ್ದು ಕಡಿಮೆ, ಸಿಕ್ಕರೂ ಮಾಲೀಕರು ಬೆಲೆ ಇಳಿಸಲ್ಲ. ಊರಲ್ಲಿ ಕ್ಲಚ್ ತುಳಿದೇ ಡ್ರೈವಿಂಗ್ ಕಲಿತವನು ನಾನು, ಇದೇ ಬೇಕು ಅಂತ ಹೊರಟಿದ್ದೆ. ಆದರೆ ಇಷ್ಟು ಭಾರದ ಗಾಡಿಯಲ್ಲಿ ಚಕಚಕ ಗೇರ್ ಬದಲಿಸೋ ಮಜಾ ಬರಲ್ಲ. ಟಾಪ್ ತೆಗೆದು ಆರಾಮಾಗಿ ಹೋಗೋ ಗಾಡಿಗೆ ಆಟೊಮ್ಯಾಟಿಕ್ಕೇ ಒಪ್ಪುತ್ತೆ. ನನ್ನ ವೋಟು 2005ರ ಆಟೊಮ್ಯಾಟಿಕ್‌ಗೆ.

ಅಗ್ಗಕ್ಕೆ ಬೇಕು ಅನ್ನೋರು 1989ರಲ್ಲಿ ಬಂದ ಡಾಜ್ ಡಕೋಟಾ ಕನ್ವರ್ಟಿಬಲ್ ಪಿಕಪ್ ಹೆಸರೂ ಎತ್ತುತ್ತಾರೆ. ಅದರಲ್ಲಿ ಸರಕು ಹೇರಬಹುದು, ನಿಜ. ಬಟ್ಟೆಯ ಟಾಪನ್ನು ಕೈಯಾರೆ ಮಡಚಬೇಕು, ಚಂದಕ್ಕೂ ಅದಕ್ಕೂ ದೂರ.

ಯಾವ ಎಸ್‌ಎಸ್‌ಆರ್ ಆದರೂ ಎಂಜಿನ್ನಿಗಿಂತ ಮೊದಲು ಛಾವಣಿ ಪರೀಕ್ಷಿಸಿ. ಅದು ಎರಡು ತುಂಡಾಗಿ, ಸೀಟಿನ ಹಿಂದೆ ಒಂದಕ್ಕೊಂದು ಒತ್ತಿಕೊಂಡು ನೆಟ್ಟಗೆ ನಿಲ್ಲುತ್ತೆ. ಅದಕ್ಕೇ ಸರಕಿಡುವ ಹಿಂದಿನ ಡಬ್ಬಿಯ ಜಾಗ ಕಡಿಮೆಯಾಗಲ್ಲ. ಮಾಲೀಕರ ಎದುರೇ ಹಲವು ಸಲ ತೆರೆದು ಮುಚ್ಚಿಸಿ. ನಡುವೆ ತಡೆದರೆ, ಒಂದು ಬದಿ ಹಿಂದುಳಿದರೆ ಮುಂದಿನ ಮಾತು ಬೇಡ. ರಬ್ಬರ್ ಅಂಚಿನುದ್ದಕ್ಕೂ ಬೆರಳಾಡಿಸಿ, ಬಿರುಕಿದ್ದರೆ ತಿಳಿಯುತ್ತೆ. ಟೈರಿನ ವಯಸ್ಸೂ ನೋಡಿ: ಮುಂದಿನವು 19 ಇಂಚು, ಹಿಂದಿನವು 20. ಅದಲು ಬದಲು ಮಾಡಿ ಸವೆಸೋ ಹಾಗಿಲ್ಲ, ಹಿಂದಿನ ಜೋಡಿ ಮುಗಿದರೆ ಹೊಸದೇ ತರಬೇಕು. ಆ ಖರ್ಚನ್ನು ಚೌಕಾಸಿಯಲ್ಲೇ ಮುರಿದುಕೊಳ್ಳಿ.