ಬೆಂಜಾಯಿಲ್ ಪೆರಾಕ್ಸೈಡ್ 2.5 ಜೆಲ್: ಮೊಡವೆಯೂ ಹೋಗುತ್ತೆ, ಟವೆಲ್ ಬಣ್ಣವೂ ಹೋಗುತ್ತೆ

ಮೊದಲೇ ಹೇಳಿಬಿಡುತ್ತೇನೆ, ಜೆಲ್ ಚೆನ್ನಾಗಿದೆ, ಕೆಲಸ ಮಾಡುತ್ತದೆ. ಬೇಸರ ಇರುವುದು ಮಾರುವವರ ಮೇಲೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ "5 ಪರ್ಸೆಂಟ್ ತಗೊಳ್ಳಿ, ಸ್ಟ್ರಾಂಗ್ ಇದೆ" ಅಂದರು. ಕೆಂಪಗೆ ಊದಿದ ಮೊಡವೆಗೆ 2.5 ಕೂಡ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ಹಾಗಾಗಿ 2.5 ಅಂತಲೇ ಕೇಳಿ.

ಇನ್ನೊಂದು ಅಂಗಡಿಯವರು ಚೀಟಿ ಕೇಳದೆ ಬೇರೆ ಯಾವುದೋ ಕ್ರೀಮ್ ಕೈಗಿಟ್ಟರು. ತಿರುಗಿಸಿ ನೋಡಿದರೆ ಸ್ಟೆರಾಯ್ಡ್! ಅಂಥ ಎಷ್ಟೋ ಕ್ರೀಮ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ಹೇಳಿದೆ. ಮೊದಲು ಮುಖ ನುಣ್ಣಗೆ ಬೆಳ್ಳಗೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಮೊಡವೆ ಮೊದಲಿಗಿಂತ ಜಾಸ್ತಿ ಆಗುತ್ತದೆ. ಪಕ್ಕದ ಮನೆಯವರಿಗೆ ಬೆಳ್ಳಗಾಯ್ತು ಅಂತ ಸುಮ್ನೆ ತಂದು ಹಚ್ಚಬೇಡಿ.

ಸರಿ, ಜೆಲ್ ವಿಷಯಕ್ಕೆ ಬರೋಣ. ಮುಖ ತೊಳೆದು ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಒಂದೊಂದೇ ಮೊಡವೆಗೆ ಚುಕ್ಕೆ ಇಡೋದಲ್ಲ, ಮೊಡವೆ ಏಳುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಕಣ್ಣು, ತುಟಿ, ಮೂಗಿನ ಸಂದಿ ಬಿಡಿ. ಶುರುವಿನಲ್ಲಿ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಒಣಗಿ ಸಿಪ್ಪೆ ಏಳುತ್ತದೆ, ಅದಕ್ಕೆ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್. ಇದರ ಜೊತೆ ನಿಂಬೆ ರಸ, ಸ್ಕ್ರಬ್, ಟೂತ್‌ಪೇಸ್ಟ್ ಪ್ರಯೋಗ ಬೇಡವೇ ಬೇಡ. ಮೊಡವೆಗೇ ಕೊಡುವ ಟ್ರೆಟಿನಾಯಿನ್ ಅನ್ನೋ ಇನ್ನೊಂದು ಔಷಧಿ ಹಚ್ಚುತ್ತಿದ್ದರೆ ಎರಡನ್ನೂ ಒಂದೇ ಹೊತ್ತಿಗೆ ಹಚ್ಚಬೇಡಿ, ಟ್ರೆಟಿನಾಯಿನ್ ಶಕ್ತಿ ಕುಗ್ಗಬಹುದು.

ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಹಚ್ಚೋದು ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಈ ಬಗ್ಗೆ ಎಚ್ಚರಿಸಿದೆ. ಮೊದಲ ಮೂರು ದಿನ ಒಂದು ಸಣ್ಣ ಜಾಗಕ್ಕೆ ಮಾತ್ರ ಹಚ್ಚಿ ನೋಡಿ ಅಂತಲೂ ಅವರೇ ಹೇಳುತ್ತಾರೆ.

ಇನ್ನು ಬಟ್ಟೆ. ಇದು ಬ್ಲೀಚ್ ಮಾಡುತ್ತದೆ ಅಂತ ಅಂಗಡಿಯವರು ಯಾರೂ ಬಾಯಿ ಬಿಡಲ್ಲ ಅಲ್ವಾ? ದಿಂಬಿನ ಕವರ್, ಟವೆಲ್ ಎಲ್ಲ ಬಿಳಿಯದ್ದೇ ಇರಲಿ, ಹಚ್ಚಿದ ಕೈ ತೊಳೆಯದೆ ರೇಷ್ಮೆ ಸೀರೆ ಮುಟ್ಟಲೇಬೇಡಿ.

ಫಲಿತಾಂಶಕ್ಕೆ ಎಂಟರಿಂದ ಹನ್ನೆರಡು ವಾರ ಬೇಕು. ಗಂಟಿನಂಥ, ಗುಳಿ ಬೀಳುವಂಥ ಮೊಡವೆ ಇದ್ದರೆ ಇದನ್ನೇ ನೆಚ್ಚಿಕೊಂಡು ಕೂರದೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಗರ್ಭಿಣಿಯರೂ ಕೇಳಿಯೇ ಬಳಸಲಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಡಬ್ಬಿಯೊಳಗಿನ ಮಾಹಿತಿ ಚೀಟಿಗೆ: ಕನ್ನಡ ಇಲ್ಲ, ಇರುವ ಇಂಗ್ಲಿಷ್ ಓದೋಕೆ ಭೂತಗನ್ನಡಿ ಬೇಕು.